ಪುಟಕ್ಕೆ ಮೈಯಿದೆಯೇ?

ಯಜ್ಞದಲ್ಲಿ ಹವಿಸ್ಸು ಪಡೆಯುವ ಇಂದ್ರನಿಗೆ ಶರೀರ ಇದೆಯೇ? ಇದೆ ಎಂದಾದರೆ, ಒಂದೇ ಹೊತ್ತಿಗೆ ಹತ್ತು ಊರಿನಲ್ಲಿ ಹತ್ತು ಯಜಮಾನರು ಕರೆದಾಗ ಅವನು ಯಾರ ಮನೆಗೆ ಹೋಗುತ್ತಾನೆ? ಮೀಮಾಂಸೆಯ ಮೂಲಗ್ರಂಥವಾದ ಜೈಮಿನಿಸೂತ್ರದ 9ನೇ ಅಧ್ಯಾಯಕ್ಕೆ ಭಾಷ್ಯ ಬರೆಯುವಾಗ ಶಬರಸ್ವಾಮಿ ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು, ದೇವತೆಗೆ ಮೈಯಿಲ್ಲ, ದೇವತೆ ಬಂದು ಉಣ್ಣುವುದೂ ಇಲ್ಲ ಎಂಬ ನಿಲುವಿಗೆ ಬರುತ್ತಾನೆ. ಯಜ್ಞಕ್ಕೆ ಬೇಕಾದದ್ದು ವಿಧಿ ಮತ್ತು ವಿಧಿಯಲ್ಲಿ ಬರುವ ಹೆಸರು, ಅಷ್ಟೆ. ವೇದಾಂತಿಗಳು ಇದನ್ನು ಒಪ್ಪಲಿಲ್ಲ. ಬ್ರಹ್ಮಸೂತ್ರದ ದೇವತಾಧಿಕರಣದಲ್ಲಿ ಅವರ ಉತ್ತರ ಬೇರೆಯೇ: ದೇವತೆಗೆ ಮೈಯಿದೆ, ಒಬ್ಬನೇ ಏಕಕಾಲಕ್ಕೆ ಅನೇಕ ಮೈ ತಳೆದು ಅನೇಕ ಕಡೆ ಇರಬಲ್ಲ.

ನಾನು ವೆಬ್ ಪುಟಗಳನ್ನು ಕಟ್ಟುವವಳು. ಈ ಚರ್ಚೆ ನನ್ನ ಕೆಲಸದ ಒಳಗೇ ಇದೆ. ನಾನು ಬರೆದ ಒಂದು ಪುಟ ಒಂದೇ ಕ್ಷಣದಲ್ಲಿ ಒಬ್ಬರ ಕ್ರೋಮ್‌ನಲ್ಲಿ, ಇನ್ನೊಬ್ಬರ ಸಫಾರಿಯಲ್ಲಿ, ಮತ್ತೊಬ್ಬರ ಫೈರ್‌ಫಾಕ್ಸ್‌ನಲ್ಲಿ ತೆರೆದುಕೊಳ್ಳುತ್ತದೆ. ಮೂರೂ ಕಡೆ ಅದರ ಮೈ ಒಂದೇ ಆಗಿರುವುದಿಲ್ಲ. ಹಾಗಾದರೆ ಪುಟ ಅಂದರೆ ಯಾವುದು? ನನ್ನ ಪರದೆಯ ಮೇಲೆ ನಾನು ಕಂಡು ಮೆಚ್ಚಿದ ಜೋಡಣೆಯೇ, ಅಥವಾ ಎಲ್ಲರ ಬಳಿಗೂ ಬದಲಾಗದೆ ಹೋಗಿ ಮುಟ್ಟುವ ಬರಹವೇ?

ಈ ಪ್ರಶ್ನೆ ಎಲ್ಲ ಪುಟಗಳಲ್ಲೂ ಇಷ್ಟು ತೀವ್ರವಾಗಿ ಏಳುವುದಿಲ್ಲ. ಅದನ್ನು ಎತ್ತಿ ನಿಲ್ಲಿಸುವುದು ನಾವು ಮೇಸನ್ರಿ ಎಂದು ಕರೆಯುವ ವಿನ್ಯಾಸ. ಬೇರೆ ಬೇರೆ ಎತ್ತರದ ಚಿತ್ರಗಳನ್ನು ಸಮ ಅಗಲದ ಕಂಬಸಾಲುಗಳಲ್ಲಿ, ನಡುವೆ ಖಾಲಿ ಬಿಡದೆ ತುಂಬುವ ಕ್ರಮ ಅದು. ಕಾಡುಗಲ್ಲಿನ ಪಾಗಾರ ಕಟ್ಟುವವನು ಕಲ್ಲಿನ ಗಾತ್ರ ನೋಡಿ ಅದಕ್ಕೆ ಕೂರುವ ಜಾಗ ಹುಡುಕುವಂತೆ, ಬ್ರೌಸರ್ ಮುಂದಿನ ಚಿತ್ರವನ್ನು ಕೈಗೆತ್ತಿಕೊಂಡು ಯಾವ ಸಾಲು ಎಲ್ಲಕ್ಕಿಂತ ಗಿಡ್ಡವಾಗಿದೆಯೋ ಅದರ ಕೆಳಗೆ ಇಡುತ್ತದೆ. ಡೇವಿಡ್ ಡಿಸ್ಯಾಂಡ್ರೋ ಇದಕ್ಕಾಗಿ ಬರೆದ ಜಾವಾಸ್ಕ್ರಿಪ್ಟ್ ಲೈಬ್ರರಿ 2009ರಲ್ಲಿ ಬಂತು. ಮರುವರ್ಷ ಶುರುವಾದ ಪಿಂಟರೆಸ್ಟ್ ಈ ರೂಪವನ್ನು ಜಗತ್ತಿನ ಕಣ್ಣಿಗೆ ರೂಢಿ ಮಾಡಿಸಿತು. ಇವತ್ತು ಚಿತ್ರಗಳ ಪುಟ ಬೇಕೆಂದು ಬರುವವರಲ್ಲಿ ಹೆಚ್ಚಿನವರು ಇದನ್ನೇ ಕೇಳುತ್ತಾರೆ. ಕೇಳುವುದು ಸಹಜ. ಎತ್ತರದ ಚಿತ್ರವನ್ನಾಗಲಿ ಅಗಲದ ಚಿತ್ರವನ್ನಾಗಲಿ ಕತ್ತರಿಸದೆ, ಪ್ರತಿಯೊಂದಕ್ಕೂ ಅದರ ಆಕಾರಕ್ಕೆ ತಕ್ಕಂತೆ ಜಾಗ ಕೊಡುವ ಬೇರೆ ವಿನ್ಯಾಸ ಕಡಿಮೆ. ಅದರಲ್ಲಿ ಒಂದು ನ್ಯಾಯವಿದೆ, ಅದನ್ನು ನಾನು ಹಗುರಾಗಿ ಕಾಣುವುದಿಲ್ಲ.

ಆದರೆ ಆ ನ್ಯಾಯಕ್ಕೆ ಬೆಲೆ ತೆರಬೇಕಾಗುತ್ತದೆ, ಅದು ಕ್ರಮದ ರೂಪದಲ್ಲಿ. ಐದನೆಯ ಚಿತ್ರ ನಾಲ್ಕನೆಯದರ ಪಕ್ಕದಲ್ಲಿ ಇರಬೇಕೆಂದಿಲ್ಲ. ಮೂರನೆಯದು ಗಿಡ್ಡವಾಗಿದ್ದರೆ ಐದನೆಯದು ಅದರ ಕೆಳಗೆ ಹೋಗಿ ಕೂರುತ್ತದೆ. ಆರನೆಯದು ಎರಡನೆಯದರ ಕೆಳಗೆ, ಏಳನೆಯದು ಇನ್ನೆಲ್ಲೋ.

ನಮ್ಮ ಸೀಮೆಯ ಒಂದು ಯಕ್ಷಗಾನ ಮೇಳದ ಚಿತ್ರಪುಟ ಕಟ್ಟುವಾಗ ಈ ಮಾತು ನನ್ನ ಎದುರಿಗೆ ನಿಂತಿತು. ಅವರ ಬಳಿ ಗದಾಯುದ್ಧ ಪ್ರಸಂಗದ ಚಿತ್ರಗಳು ತುಂಬ ಚೆನ್ನಾಗಿದ್ದವು. ರಣರಂಗದಲ್ಲಿ ಒಬ್ಬನೇ ಅಲೆಯುವ ಕೌರವ, ವೈಶಂಪಾಯನ ಸರೋವರ ಹೊಕ್ಕವನು, ದಡದಲ್ಲಿ ನಿಂತು ಕೆಣಕುವ ಭೀಮ, ಮೇಲೆದ್ದು ಬಂದ ಕೌರವ, ಗದೆಗಳು, ಮುರಿದ ತೊಡೆ. ಕಿರೀಟದ ವೇಷದ ಚಿತ್ರಗಳು ಎತ್ತರ, ಭಾಗವತರು, ಮದ್ದಳೆ, ಚೆಂಡೆ ಎಲ್ಲ ಸೇರಿದ ಹಿಮ್ಮೇಳದ ಚಿತ್ರ ಅಗಲ. ಮೇಸನ್ರಿಗೆ ಹೇಳಿ ಮಾಡಿಸಿದ ಸಾಮಗ್ರಿ. ಹಾಕಿ ನೋಡಿದರೆ, ದೊಡ್ಡ ಪರದೆಯ ಮೇಲೆ ತೊಡೆ ಮುರಿದು ಬಿದ್ದ ಕೌರವ ಎಡಕ್ಕೆ ಬಂದಿದ್ದ, ಸರೋವರದಿಂದ ಮೇಲೆದ್ದು ಬಂದ ಕೌರವ ಅವನ ಬಲಕ್ಕಿದ್ದ. ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ಅಪ್ಪಯ್ಯ ಕೇಳಿದ್ದು ಒಂದೇ ಮಾತು: “ಕೂಸೆ, ಇದ್ರಲ್ಲಿ ಮೊದ್ಲು ಯಾವ್ದು?”

ಅಪ್ಪಯ್ಯ ಮೀಮಾಂಸೆ ಓದಿದವರು, ಮೈಸೂರಿನಲ್ಲಿ ಅದನ್ನೇ ಪಾಠ ಹೇಳಿ ಈಗ ಶಿರಸಿಯ ಹತ್ತಿರದ ಮನೆಗೆ ಬಂದು ಇದ್ದಾರೆ. ಅವರು ಕೇಳಿದ ಪ್ರಶ್ನೆಗೆ ಅವರ ಶಾಸ್ತ್ರದಲ್ಲಿ ಇಡೀ ಒಂದು ಅಧ್ಯಾಯವಿದೆ, ಜೈಮಿನಿಯ 12ರಲ್ಲಿ 5ನೆಯದು. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂದು ಹೇಗೆ ತಿಳಿಯುವುದು? ತಿಳಿಯುವುದಕ್ಕೆ ಆರು ಪ್ರಮಾಣಗಳು: ಶ್ರುತಿ, ಅರ್ಥ, ಪಾಠ, ಸ್ಥಾನ, ಮುಖ್ಯ, ಪ್ರವೃತ್ತಿ. ಒಂದಕ್ಕೊಂದು ವಿರೋಧ ಬಂದರೆ ಮುಂಚಿನದು ನಂತರದ್ದಕ್ಕಿಂತ ಬಲಶಾಲಿ. ಬುಕ್ಕರಾಯನ ಕಾಲದ ವಿಜಯನಗರದಲ್ಲಿ ಮಾಧವಾಚಾರ್ಯರು ಈ ಶಾಸ್ತ್ರವನ್ನೆಲ್ಲ ಜೈಮಿನೀಯ ನ್ಯಾಯಮಾಲೆಯಾಗಿ ಶ್ಲೋಕಗಳಲ್ಲಿ ಅಡಕ ಮಾಡಿಟ್ಟರು. ಅಪ್ಪಯ್ಯ ಓದಿದ್ದು ಆ ದಾರಿಯಿಂದ.

ಅರ್ಥಕ್ಕೂ ಪಾಠಕ್ಕೂ ವಿರೋಧ ಬರುವ ಉದಾಹರಣೆ ಮೀಮಾಂಸೆ ಓದಿದವರಿಗೆಲ್ಲ ಗೊತ್ತು. ವೇದದಲ್ಲಿ ಅಗ್ನಿಹೋತ್ರ ಹೋಮದ ಮಾತು ಮೊದಲು ಬರುತ್ತದೆ, ಗಂಜಿ ಬೇಯಿಸುವ ಮಾತು ಆಮೇಲೆ. ಆದರೆ ಹೋಮ ಮಾಡಬೇಕಾದದ್ದು ಆ ಗಂಜಿಯಿಂದಲೇ. ಬರೆದ ಕ್ರಮ ಹಿಡಿದರೆ ಮೊದಲು ಬರಿಗೈಯಲ್ಲಿ ಹೋಮ, ಆಮೇಲೆ ಯಾವುದಕ್ಕೂ ಬಾರದ ಗಂಜಿ. ಆದ್ದರಿಂದ ಅಲ್ಲಿ ಪಾಠಕ್ರಮವನ್ನು ಬಿಟ್ಟು ಅರ್ಥಕ್ರಮ ಹಿಡಿಯಬೇಕು. ಅಷ್ಟು ಬಲವಾದ ಕಾರಣ ಇಲ್ಲದೆ ಹೋದರೆ? ಆಗ ಬರೆದ ಕ್ರಮವೇ ಪ್ರಮಾಣ. ಇಂಥ ಜಾಗದಲ್ಲಿ ಹೀಗೆ ಕೂತಿದೆ ಎಂಬುದು ಪಾಠವನ್ನು ಸೋಲಿಸಲಾರದು. ಮೀಮಾಂಸಕರು ಸ್ಥಾನ ಎನ್ನುವುದೂ ನಾನು ಪರದೆಯ ಮೇಲೆ ಅಳೆಯುವ ಜಾಗವೂ ಒಂದೇ ಅಲ್ಲ. ಅವರದು ಕರ್ಮದ ಸಂದರ್ಭದಲ್ಲಿ ಒಂದಕ್ಕೆ ಸಿಗುವ ಎಡೆ. ಆದರೂ ಯಾವುದು ಯಾವುದಕ್ಕೆ ತಲೆಬಾಗಬೇಕು ಎಂಬ ಅವರ ಲೆಕ್ಕ ನನ್ನ ಕೆಲಸಕ್ಕೆ ಹಾಗೇ ಹೊಂದುತ್ತದೆ. ಚಿತ್ರ ಎಲ್ಲಿ ಕೂರುತ್ತದೆ ಎನ್ನುವುದು ಅದನ್ನು ಎಷ್ಟನೆಯದಾಗಿ ಬರೆದಿದೆ ಎನ್ನುವುದಕ್ಕಿಂತ ಕೆಳಗಿನ ಮಾತು. ಎಷ್ಟನೆಯದಾಗಿ ಬರೆಯಬೇಕು ಎಂಬುದನ್ನು ಹೇಳುವುದು ಅರ್ಥ.

ಸ್ಥಾನವನ್ನು ನಂಬಲು ಬಾರದು ಎನ್ನುವುದಕ್ಕೆ ಕನ್ನಡ ಪುಟಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಪ್ರತಿ ಚಿತ್ರದ ಕೆಳಗೆ ಎರಡು ಮೂರು ಸಾಲಿನ ಕನ್ನಡ ವಿವರಣೆ ಇದೆ ಎನ್ನಿ. ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ ಅಕ್ಷರ, ಆಪಲ್ ಯಂತ್ರಗಳಲ್ಲಿ ಕನ್ನಡ ಸಂಗಮ್, ಆಂಡ್ರಾಯ್ಡ್‌ನಲ್ಲಿ ನೋಟೋ. ಒಂದರಲ್ಲಿ ಎರಡು ಸಾಲಿಗೆ ಮುಗಿದ ವಾಕ್ಯ ಇನ್ನೊಂದರಲ್ಲಿ ಮೂರನೆಯ ಸಾಲಿಗೆ ಇಳಿಯುತ್ತದೆ. ಒತ್ತಕ್ಷರಗಳಿಗೆ ಬೇಕಾಗುವ ಕೆಳಗಿನ ಜಾಗವೂ ಅಕ್ಷರವಿನ್ಯಾಸದಿಂದ ವಿನ್ಯಾಸಕ್ಕೆ ಬೇರೆ. ಒಂದು ಸಾಲು ಹೆಚ್ಚಾದರೆ ಕಾರ್ಡಿನ ಎತ್ತರ ಬದಲಾಯಿತು, ಎತ್ತರ ಬದಲಾದರೆ ಯಾವ ಕಂಬಸಾಲು ಗಿಡ್ಡ ಎಂಬ ಲೆಕ್ಕ ಬದಲಾಯಿತು, ಅಲ್ಲಿಂದ ಮುಂದಿನ ಎಲ್ಲ ಚಿತ್ರಗಳೂ ಬೇರೆ ಕಡೆಗೆ ಹೋದವು. ನಾವೇ ಅಕ್ಷರದ ಫಾಂಟ್ ಕಳಿಸಿದರೂ ನಿಧಾನದ ನೆಟ್‌ವರ್ಕಿನಲ್ಲಿ ಅದು ತಡವಾಗಿ ಬರುತ್ತದೆ. ಬಂದ ಕೂಡಲೇ ಓದುತ್ತಿದ್ದವರ ಕಣ್ಣೆದುರೇ ಜೋಡಣೆ ಅಲುಗುತ್ತದೆ. ಹೀಗಾಗಿ ನನ್ನ ಪರದೆಯಲ್ಲಿ ನಾನು ಕಂಡ ಅಚ್ಚುಕಟ್ಟು ನನ್ನ ಪರದೆಯದು ಮಾತ್ರ. ಅದನ್ನು ಪುಟದ ನಿಜರೂಪ ಎಂದು ಹಿಡಿದು ಕುಳಿತರೆ ಉಳಿದವರಿಗೆಲ್ಲ ಕೆಟ್ಟ ನಕಲು ಸಿಕ್ಕಿತು ಎಂದಾಗುತ್ತದೆ. ಅದನ್ನು ನಾನು ಒಪ್ಪಲಾರೆ.

ಇದೇ ರೂಪವನ್ನು ಎಲ್ಲ ಬ್ರೌಸರ್‌ಗಳಲ್ಲಿ ತರುವುದಕ್ಕೆ ಇರುವ ದಾರಿಗಳು ಪಾಠವನ್ನು ನಡೆಸಿಕೊಳ್ಳುವ ರೀತಿ ಒಂದೇ ತರ ಇಲ್ಲ. ಕೆಲವರು ಚಿತ್ರಗಳನ್ನು ಮೊದಲೇ ಮೂರು ಡಬ್ಬಿಗಳಿಗೆ ಹಂಚಿ, ಒಂದೊಂದು ಡಬ್ಬಿಯನ್ನು ಒಂದೊಂದು ಕಂಬಸಾಲು ಮಾಡುತ್ತಾರೆ. ನೋಡುವ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಆದರೆ ಬರಹವೇ ಹರಿದು ಹೋಯಿತು. ಒಂದು, ನಾಲ್ಕು, ಏಳು ಒಂದು ಕಡೆ, ಎರಡು, ಐದು, ಎಂಟು ಇನ್ನೊಂದು ಕಡೆ. ಮೊಬೈಲಿನಲ್ಲಿ ಒಂದೇ ಸಾಲಾದಾಗ ಕಥೆ ಆ ಹರಕು ಕ್ರಮದಲ್ಲೇ ಇಳಿಯುತ್ತದೆ. ಇದನ್ನು ನಾನು ಮಾಡುವುದಿಲ್ಲ. ಹಳೆಯ ಲೈಬ್ರರಿಯ ದಾರಿ ಇದಕ್ಕಿಂತ ಪ್ರಾಮಾಣಿಕ: ಬರಹವನ್ನು ಮುಟ್ಟುವುದಿಲ್ಲ, ಪ್ರತಿ ಚಿತ್ರದ ಎತ್ತರ ಅಳೆದು ಅದನ್ನು ಇಡಬೇಕಾದ ಬಿಂದುವನ್ನಷ್ಟೇ ಲೆಕ್ಕ ಹಾಕುತ್ತದೆ. ಚಿತ್ರದ ಅಗಲ ಮತ್ತು ಎತ್ತರವನ್ನು ಕೋಡಿನಲ್ಲೇ ಬರೆದಿಟ್ಟರೆ ಚಿತ್ರ ಬರುವ ಮೊದಲೇ ಬ್ರೌಸರ್ ಜಾಗ ಹಿಡಿದಿಡುತ್ತದೆ, ಅಲುಗಾಟ ಕಡಿಮೆ. ಪುಟದ ರೂಪವನ್ನು ಹೇಳುವ ಭಾಷೆಯಾದ ಸಿಎಸ್‌ಎಸ್‌ನ ಬಹುಕಾಲಂ ವಿಧಾನ ಎಲ್ಲ ಬ್ರೌಸರ್‌ಗಳಲ್ಲೂ ನಡೆಯುತ್ತದೆ, ಸ್ಕ್ರಿಪ್ಟ್ ಬೇಡ, ಪಾಠಕ್ಕೂ ಧಕ್ಕೆಯಿಲ್ಲ. ಆದರೆ ಅದು ಪತ್ರಿಕೆಯ ಕಾಲಂನಂತೆ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಚಿತ್ರಗಳನ್ನು ಎಡದಿಂದ ಬಲಕ್ಕೆ ನೋಡುತ್ತ ಹೋಗುವವರಿಗೆ ಕಥೆ ತಪ್ಪುತ್ತದೆ, ಕೊನೆಗೆ ನಾಲ್ಕು ಹೊಸ ಚಿತ್ರ ಸೇರಿಸಿದರೆ ಕಾಲಂಗಳು ಮತ್ತೆ ಸಮತೋಲ ಮಾಡಿಕೊಂಡು ಹಳೆಯವೆಲ್ಲ ಜಾಗ ಬದಲಿಸುತ್ತವೆ.

ಬ್ರೌಸರ್‌ಗಳು ಇದನ್ನು ತಾವೇ ಮಾಡಬೇಕೆಂಬ ಪ್ರಯತ್ನದ್ದು ದೀರ್ಘ ಕಥೆ. ಅಡ್ಡಸಾಲು ಕಂಬಸಾಲುಗಳ ಚೌಕಟ್ಟಿನಲ್ಲಿ ಜೋಡಿಸುವ ಗ್ರಿಡ್ ವಿನ್ಯಾಸ ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರಕ್ಕೂ 2017ರ ಮಾರ್ಚ್ ತಿಂಗಳೊಂದರಲ್ಲೇ ಬಂದಿತ್ತು. ಮೇಸನ್ರಿಗೆ ಆ ಭಾಗ್ಯ ಸಿಗಲಿಲ್ಲ. 2020ರಲ್ಲಿ ಫೈರ್‌ಫಾಕ್ಸ್ ಅದನ್ನು ಗ್ರಿಡ್‌ನದೇ ಒಂದು ಬಗೆಯಾಗಿ ಪ್ರಯೋಗಕ್ಕೆ ಇಟ್ಟಿತು. 2024ರಲ್ಲಿ ಆಪಲ್‌ನ ವೆಬ್‌ಕಿಟ್ ತಂಡ ಹೌದು, ಇದು ಗ್ರಿಡ್ಡೇ ಎಂದಿತು. ಗೂಗಲ್‌ನ ಕ್ರೋಮ್ ತಂಡ ಅಲ್ಲ, ಬೇರೆಯೇ ಜಾತಿ ಎಂದಿತು. ಕ್ರೋಮ್‌ನವರ ಆಕ್ಷೇಪದಲ್ಲಿ ಒಂದು ನಿಜವಾದ ತೊಡಕಿತ್ತು. ಕಂಬಸಾಲಿನ ಅಗಲ ಅದರೊಳಗಿನ ಚಿತ್ರಗಳನ್ನು ನೋಡಿ ನಿರ್ಧಾರವಾಗಬೇಕು ಎಂದುಕೊಳ್ಳಿ. ಯಾವ ಚಿತ್ರ ಯಾವ ಸಾಲಿಗೆ ಎಂಬುದು ಎತ್ತರದ ಮೇಲೆ ನಿಂತಿದೆ, ಎತ್ತರ ಅಗಲದ ಮೇಲೆ, ಅಗಲ ಮತ್ತೆ ಯಾವ ಚಿತ್ರ ಯಾವ ಸಾಲಿಗೆ ಎಂಬುದರ ಮೇಲೆ. ನಮ್ಮ ತರ್ಕಶಾಸ್ತ್ರ ಚಕ್ರಕ ಎಂದು ದೋಷಗಳ ಪಟ್ಟಿಯಲ್ಲಿ ಇಟ್ಟದ್ದು ಇಂಥದನ್ನೇ. ಬಿಡಿಸಿಕೊಳ್ಳಲು ಪ್ರತಿ ಚಿತ್ರವನ್ನೂ ಸಾಧ್ಯವಿರುವ ಪ್ರತಿ ಸಾಲಿನಲ್ಲೂ ಇಟ್ಟು ಅಳೆಯಬೇಕಾಗುತ್ತದೆ, ಚಿತ್ರಗಳು ಹೆಚ್ಚಿದಷ್ಟೂ ಕೆಲಸ ಬೆಳೆಯುತ್ತದೆ. ವಾದ ವಿವಾದ ಆಗಿ 2025ರಲ್ಲಿ ಗ್ರಿಡ್ ಲೇನ್ಸ್ ಎಂಬ ಹೆಸರಿಗೆ ಒಪ್ಪಿಗೆ ಸಿಕ್ಕಿತು. ಆ ಡಿಸೆಂಬರ್‌ನಲ್ಲಿ ಸಫಾರಿಯ ಪರೀಕ್ಷಾ ಆವೃತ್ತಿಯಲ್ಲಿ ಅದು ಕಾಣಿಸಿಕೊಂಡಿತು.

ಈ ಹೊಸ ನಿಯಮದೊಳಗೆ ಒಂದು ಸಣ್ಣ ಅಂಶವಿದೆ. ಅದರ ಮೇಲೆ ನನಗೆ ದೊಡ್ಡ ಗೌರವ. ಮುಂದಿನ ಚಿತ್ರ ಅತಿ ಗಿಡ್ಡ ಸಾಲಿಗೆ ಹೋಗಬೇಕು, ನಿಜ. ಆದರೆ ಎರಡು ಸಾಲುಗಳ ನಡುವಿನ ವ್ಯತ್ಯಾಸ ಒಂದು ಮಿತಿಯೊಳಗೆ ಇದ್ದರೆ ಅವೆರಡೂ ಸಮ ಎಂದೇ ಲೆಕ್ಕ, ಆಗ ಚಿತ್ರ ಬರೆದ ಕ್ರಮದಲ್ಲೇ ಎಡದಿಂದ ಬಲಕ್ಕೆ ಸಾಗುತ್ತದೆ. ನಾವು ಬೇರೆ ಹೇಳದಿದ್ದರೆ ಆ ಮಿತಿ ಒಂದು ಎಮ್, ಅಂದರೆ ಸುಮಾರಾಗಿ ಒಂದು ಅಕ್ಷರದ ಅಳತೆ. ಯಾಕೆ ಬೇಕು ಇದು? ಒಂದು ಸಾಲು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಗಿಡ್ಡ ಎಂಬ ಕಾರಣಕ್ಕೆ ಚಿತ್ರ ಪರದೆಯ ಆ ತುದಿಗೆ ಹಾರುವುದು ಯಾರಿಗೂ ಉಪಕಾರವಲ್ಲ. ಕಣ್ಣು ಆ ಕೂದಲೆಳೆಯನ್ನು ಗಮನಿಸುವುದೂ ಇಲ್ಲ, ಕ್ರಮ ಮಾತ್ರ ಮುರಿಯಿತು. ಇಷ್ಟು ಚಿಕ್ಕ ಸೊಗಸಿಗಾಗಿ ಪಾಠವನ್ನು ಕದಡಬೇಡ ಎಂದು ಯಂತ್ರಕ್ಕೆ ಕಟ್ಟಳೆ ಮಾಡಿದ್ದಾರೆ. ಬಲವಾದ ಕಾರಣವಿಲ್ಲದೆ ಸ್ಥಾನ ಪಾಠವನ್ನು ಮೀರಬಾರದು ಎಂಬ ತೀರ್ಮಾನಕ್ಕೆ, ಮೀಮಾಂಸೆಯ ಗಂಧವಿಲ್ಲದ ಜನ, ತಮ್ಮದೇ ದಾರಿಯಲ್ಲಿ ನಡೆದು ಬಂದಿದ್ದಾರೆ. ಕನ್ನಡ ಪುಟಗಳಿಗೆ ನಾನು ಈ ಮಿತಿಯನ್ನು ಒಂದು ಸಾಲಿನ ಎತ್ತರಕ್ಕಿಂತ ಸ್ವಲ್ಪ ಹೆಚ್ಚೇ ಇಡುತ್ತೇನೆ. ಒಂದು ಯಂತ್ರದಲ್ಲಿ ವಿವರಣೆ ಎರಡು ಸಾಲು, ಇನ್ನೊಂದರಲ್ಲಿ ಮೂರು ಆದರೂ ಬಹಳ ಸಲ ಜೋಡಣೆ ತಪ್ಪದಿರಲಿ ಎಂದು.

ಕ್ರಮ ಮುರಿದರೆ ನಷ್ಟ ಯಾರಿಗೆ ಎಂದು ಕೇಳುವವರಿದ್ದಾರೆ. ನನ್ನ ಜೊತೆ ಕೆಲಸ ಮಾಡುವ ಒಬ್ಬರಿಗೆ ಕಣ್ಣು ಕಾಣುವುದಿಲ್ಲ. ಅವರು ಬಳಸುವುದು ಎನ್‌ವಿಡಿಎ ಎಂಬ, ಪರದೆಯನ್ನು ಓದಿ ಹೇಳುವ ಉಚಿತ ತಂತ್ರಾಂಶ. ಆಸ್ಟ್ರೇಲಿಯಾದಲ್ಲಿ ಅದನ್ನು ಕಟ್ಟಲು ಹೊರಟ ಮೈಕೆಲ್ ಕರ್ರನ್ ಮತ್ತು ಜೇಮ್ಸ್ ಟೆಹ್ ಇಬ್ಬರೂ ದೃಷ್ಟಿ ಇಲ್ಲದವರೇ. ಇ-ಸ್ಪೀಕ್ ಎಂಬ ಧ್ವನಿಯ ಮೂಲಕ ಅದು ಕನ್ನಡವನ್ನೂ ಓದುತ್ತದೆ. ಅದಕ್ಕೆ ಪರದೆಯ ಜಾಗ ಮುಖ್ಯವಲ್ಲ. ಬರೆದದ್ದನ್ನು ಬರೆದ ಕ್ರಮದಲ್ಲಿ ಹೇಳುತ್ತ ಹೋಗುತ್ತದೆ. ಶಬರಸ್ವಾಮಿ ಹೇಳಿದ ಮೈಯಿಲ್ಲದ ದೇವತೆ ನನಗೆ ಅರ್ಥವಾದದ್ದು ಆ ಸಹೋದ್ಯೋಗಿಯ ಪಕ್ಕದಲ್ಲಿ ಕುಳಿತು ಪುಟ ಕೇಳಿದಾಗ. ಅವರಿಗೆ ಪುಟಕ್ಕೆ ಮೈಯಿಲ್ಲ, ಶಬ್ದವಿದೆ, ಕ್ರಮವಿದೆ, ಅಷ್ಟರಲ್ಲೇ ಪುಟ ಪೂರ್ಣವಾಗಿದೆ. ಹರಿದು ಹಂಚಿದ ಪುಟದಲ್ಲಿ ಅವರಿಗೆ ಪ್ರಸಂಗವೇ ಸಿಗುವುದಿಲ್ಲ. ಕಣ್ಣಿದ್ದು ಕೀಲಿಮಣೆಯಿಂದಲೇ ಕೆಲಸ ಮಾಡುವವರಿಗೆ ಇನ್ನೊಂದು ತೊಂದರೆ: ಟ್ಯಾಬ್ ಒತ್ತಿದಂತೆ ಗುರುತು ಪರದೆಯ ಮೂಲೆಯಿಂದ ಮೂಲೆಗೆ ಜಿಗಿಯುತ್ತದೆ, ಎಲ್ಲಿದ್ದೇನೆ ಎಂದೇ ತಿಳಿಯುವುದಿಲ್ಲ. 2008ರಲ್ಲಿ ಬಂದ ವೆಬ್ ಸುಗಮತೆಯ ಮಾರ್ಗಸೂಚಿಯಲ್ಲಿ ಅರ್ಥಪೂರ್ಣ ಅನುಕ್ರಮ ಒಂದು ಕಟ್ಟಳೆ, ಗುರುತು ಚಲಿಸುವ ಕ್ರಮ ಇನ್ನೊಂದು. ಕೇವಲ ನಿಯಮಪಾಲನೆಗಾಗಿ ಇವನ್ನು ಅನುಸರಿಸುವುದು ಸಾಲದು ಎಂದು ನನ್ನ ಅಭಿಪ್ರಾಯ. ಕೊಡುವವರು ನಾವು. ತೆಗೆದುಕೊಳ್ಳುವವರ ಕೈಗೆ ಅರ್ಥ ಮುರಿಯದೆ ಮುಟ್ಟಿತೇ ಎಂದು ನೋಡುವುದು ಕೊಡುವವರ ಧರ್ಮ.

ಹಾಗೆಂದು ಸೊಗಸು ಬೇಡವೇ? ಇಲ್ಲಿ ನನಗೂ ಅಪ್ಪಯ್ಯನಿಗೂ ಭಿನ್ನಾಭಿಪ್ರಾಯವಿದೆ. ಅವರು ಮೀಮಾಂಸಕರು, ವಿಧಿ ನಡೆದರೆ ಸಾಕು ಎನ್ನುವ ಕಡೆಯವರು. ನನಗೆ ವೇದಾಂತಿಗಳ ಉತ್ತರವೂ ಬೇಕು. ಒಂದೇ ಪುಟ ಹಲವು ಮೈ ತಳೆದು ಹಲವರ ಬಳಿ ಇರಬಲ್ಲದು ಎಂದಾದರೆ, ಪ್ರತಿ ಮೈಯೂ ಅದು ಇರುವ ಜಾಗಕ್ಕೆ ತಕ್ಕಂತೆ ಚೆನ್ನಾಗಿರಲಿ. ಗ್ರಿಡ್ ಲೇನ್ಸ್ ಗೊತ್ತೇ ಎಂದು ಬ್ರೌಸರನ್ನು ಕೇಳುವ ಸಪೋರ್ಟ್ಸ್ ಎಂಬ ಸೂತ್ರ ಸಿಎಸ್‌ಎಸ್‌ನಲ್ಲಿದೆ. ಗೊತ್ತು ಎಂದರೆ ಅದು, ಗೊತ್ತಿಲ್ಲದಿದ್ದರೆ ಸಾದಾ ಗ್ರಿಡ್, ಅದೂ ತಿಳಿಯದ ಹಳೆಯ ಯಂತ್ರಕ್ಕೆ ಒಂದರ ಕೆಳಗೊಂದು. ಈ ಮೂರನೆಯದನ್ನೇ ನಾನು ಮೊದಲು ಕಟ್ಟುವುದು. ಗ್ರಾಮದಲ್ಲಿ ಅಗ್ಗದ ಹಳೆಯ ಮೊಬೈಲಿನಲ್ಲಿ ಮೇಳದ ಚಿತ್ರ ನೋಡುವವರಿಗೆ ಸಿಗುವುದು ಅದೇ, ಮತ್ತು ಅದು ಉಳಿಕೆಯ ಊಟವಲ್ಲ. ಅಲ್ಲಿ ಪಾಠವೂ ಸ್ಥಾನವೂ ಒಂದಾಗಿ ಹೋಗುತ್ತವೆ, ಪ್ರಸಂಗ ಬೆಳಕು ಹರಿಯುವವರೆಗೆ ನಡೆದ ಕ್ರಮದಲ್ಲೇ ಇಳಿದು ಬರುತ್ತದೆ. ದೊಡ್ಡ ಪರದೆಯವರಿಗೆ ಸಿಗದ ಒಂದು ಪೂರ್ಣತೆ ಅವರಿಗೆ ಸಿಗುತ್ತದೆ ಎಂದರೂ ತಪ್ಪಿಲ್ಲ.

ಮೇಳದ ಪುಟಕ್ಕೆ ಕೊನೆಗೆ ಮಾಡಿದ್ದು ಹೀಗೆ. ಗದಾಯುದ್ಧಕ್ಕೆ ಮೇಸನ್ರಿ ಹಾಕಲಿಲ್ಲ. ಅಲ್ಲಿ ಕ್ರಮವೇ ಕಥೆ. ದೃಶ್ಯಗಳಿಗೆ ಸಂಖ್ಯೆ ಕೊಟ್ಟು, ಕೋಡಿನಲ್ಲೂ ಸಂಖ್ಯೆಯ ಪಟ್ಟಿಯಾಗಿಯೇ ಬರೆದು, ಸಮ ಸಾಲುಗಳಲ್ಲಿ ಇಟ್ಟೆ. ದರ್ಭೆಯ ಕಟ್ಟನ್ನು ಮಾಡಿಕೊಂಡ ಮೇಲೆಯೇ ಯಜ್ಞವೇದಿಯನ್ನು ಮಾಡಬೇಕು ಎಂದು ವೇದವೇ ಬಾಯಿಬಿಟ್ಟು ಹೇಳಿದ ಕಡೆ ಬೇರೆ ಯಾವ ಪ್ರಮಾಣವೂ ಬೇಡ, ಅದು ಶ್ರುತಿಕ್ರಮ. ನಾನೂ ಇಲ್ಲಿ ಬಾಯಿಬಿಟ್ಟೇ ಹೇಳಬೇಕಿತ್ತು. ವೇಷ ಕಟ್ಟಿಕೊಳ್ಳುವ ಚೌಕಿಯ ಚಿತ್ರಗಳದ್ದು ಬೇರೆ ಮಾತು. ಬಣ್ಣ ಹಚ್ಚಿಕೊಳ್ಳುವವರು, ಗೆಜ್ಜೆ ಕಟ್ಟುವ ಕೈಗಳು, ಬಿಚ್ಚಿಟ್ಟ ಭುಜಕೀರ್ತಿ, ಚಾ ಕುಡಿಯುವ ಸ್ತ್ರೀವೇಷ. ಇವುಗಳಲ್ಲಿ ಯಾವುದು ಮೊದಲು ಎಂದು ಅರ್ಥ ಕೇಳುವುದಿಲ್ಲ. ಅಲ್ಲಿ ಮೇಸನ್ರಿಗೆ ಪೂರ್ತಿ ಬಿಟ್ಟೆ, ಪುಟ ತುಂಬಿಕೊಂಡು ಚಂದ ಕಂಡಿತು. ಅಪ್ಪಯ್ಯ ನೋಡಿ “ಇಲ್ಲಿ ಅಡ್ಡಿಲ್ಲೆ” ಎಂದರು.

ಹೊಸ ಚಿತ್ರ ಬಂದಾಗ ಎಲ್ಲವನ್ನೂ ಮತ್ತೆ ಹೊಂದಿಸಬೇಕೇ ಎಂಬುದು ಉಳಿದಿತ್ತು. ಮತ್ತೆ ಹೊಂದಿಸಿದರೆ ಇನ್ನೂ ಬಿಗಿಯಾಗಿ ಕೂರುತ್ತದೆ, ಯಂತ್ರಕ್ಕೆ ಕಷ್ಟವೂ ಇಲ್ಲ. ಅಪ್ಪಯ್ಯ ಇದಕ್ಕೆ ಆರು ಪ್ರಮಾಣಗಳಲ್ಲಿ ಕೊನೆಯದನ್ನು, ಎಲ್ಲಕ್ಕಿಂತ ದುರ್ಬಲವಾದದ್ದನ್ನು ಹೇಳಿದರು. ವಾಜಪೇಯದಲ್ಲಿ ಪ್ರಜಾಪತಿಗೆ 17 ಪಶುಗಳು. ಯಾವುದರಿಂದ ತೊಡಗಬೇಕು ಎಂದು ವಿಧಿ ಹೇಳಿಲ್ಲ, ಎಲ್ಲಿಂದಲಾದರೂ ತೊಡಗಬಹುದು. ಆದರೆ ಮೊದಲ ಸಂಸ್ಕಾರವನ್ನು ಯಾವ ಕ್ರಮದಲ್ಲಿ ಮಾಡಿದೆಯೋ, ಎರಡನೆಯದನ್ನೂ ಮೂರನೆಯದನ್ನೂ ಅದೇ ಕ್ರಮದಲ್ಲಿ ನಡೆಸಬೇಕು. ಆಯ್ಕೆ ನಿನ್ನದೇ ಆಗಿದ್ದರೂ, ಒಮ್ಮೆ ಆಯ್ದ ಮೇಲೆ ಅದಕ್ಕೆ ನೀನು ಬದ್ಧ. ಚೌಕಿಯ ಪುಟಕ್ಕೆ ಇದನ್ನೇ ನಿಯಮ ಮಾಡಿದ್ದೇನೆ. ನಿನ್ನೆ ಒಬ್ಬರು ಒಂದು ಚಿತ್ರವನ್ನು ಎಡಸಾಲಿನ ಮೇಲ್ಗಡೆ ನೋಡಿ ಮನೆಯವರಿಗೆ ತೋರಿಸಬೇಕೆಂದು ಇವತ್ತು ತೆರೆದರೆ ಅದು ಅಲ್ಲೇ ಇರಬೇಕು. ಮಳೆಗಾಲ ಕಳೆದು ಮೇಳ ತಿರುಗಾಟ ಹೊರಟ ಮೇಲೆ ಹೊಸ ಚಿತ್ರಗಳು ಬರುತ್ತವೆ. ಅವು ಬಂದ ಕ್ರಮದಲ್ಲಿ ಪಟ್ಟಿಯ ಕೊನೆಗೆ ಸೇರುತ್ತವೆ.